ಹನ್ನೆರಡು ಚಿಮ್ನಿ ಮತ್ತು ಒಂದು ಮಾಲ್

ಅಮೆರಿಕದ ಪೂರ್ವಕ್ಕೆ ಆನ್‌ಸೈಟ್ ಅಂತ ಹೋದ ನಮ್ಮವರಲ್ಲಿ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ ನೋಡದೆ ಬಂದವರು ಕಡಿಮೆ. ನಾನೂ ಹೋಗಿದ್ದೆ. ದೇವರ ದರ್ಶನ ಆಯ್ತು, ಕ್ಯಾಂಟೀನಿನಲ್ಲಿ ಪುಳಿಯೋಗರೆಯೂ ಆಯ್ತು. ವಾಪಸ್ ಬರುವಾಗ ಗೆಳೆಯ "ಇಲ್ಲೇ ಒಂದು ಮಾಲ್ ಇದೆ, ನೋಡ್ಕೊಂಡು ಹೋಗೋಣ" ಅಂತ ಮೊನೊಂಗಹೇಲ ನದಿ ದಂಡೆಯ ಹೋಮ್‌ಸ್ಟೆಡ್ ಅನ್ನೋ ಪುಟ್ಟ ಊರಿಗೆ ಕರೆದುಕೊಂಡು ಹೋದ.

ಮಾಲ್‌ನ ಹೆಸರು ವಾಟರ್‌ಫ್ರಂಟ್. ಸಿನೆಮಾ, ಹೋಟೆಲು, ಬಟ್ಟೆ ಅಂಗಡಿ, ಕಾರು ನಿಲ್ಲಿಸೋಕೆ ಎಕರೆಗಟ್ಟಲೆ ಜಾಗ. ಎಲ್ಲಾ ಕಡೆ ಇರುವಂಥದ್ದೇ. ಆದರೆ ಒಂದು ಕಡೆ ಇಟ್ಟಿಗೆಯ ಹನ್ನೆರಡು ಎತ್ತರದ ಚಿಮ್ನಿಗಳು ಸಾಲಾಗಿ ನಿಂತಿವೆ. ಮೇಲೆ ಹೊಗೆಯಿಲ್ಲ, ಕೆಳಗೆ ಕುಲುಮೆಯಿಲ್ಲ.

ಅಲ್ಲಿ 1881ರಿಂದ 1986ರವರೆಗೆ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆ ಇತ್ತು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ತೊಲೆಗಳು ಹೋದದ್ದು ಇಲ್ಲಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಮಾರು 15,000 ಜನ ಇಲ್ಲಿ ದುಡಿಯುತ್ತಿದ್ದರು. 1986ರ ಜುಲೈನಲ್ಲಿ ಬಾಗಿಲು ಹಾಕಿತು. 1999ರಲ್ಲಿ ಅದೇ ನೆಲದಲ್ಲಿ ಮಾಲ್ ತೆರೆಯಿತು.

ಇಂಜಿನಿಯರಿಂಗ್ ಓದಿದವನಿಗೆ ಉಕ್ಕು ಅಂದ್ರೆ ಒಂಥರಾ ಭಕ್ತಿ. "ಉಕ್ಕು ಕಾಯಿಸ್ತಿದ್ದವರ ಮಕ್ಕಳು ಈಗ ಬಿಲ್ ಹಾಕ್ತಿದ್ದಾರೆ, ಅಯ್ಯೋ ಪಾಪ" ಅಂತ ನನಗೂ ಅನ್ನಿಸ್ತು. ಕಾರ್ಖಾನೆ ಕೆಲಸ ಘನವಾದದ್ದು, ಅಂಗಡಿ ಕೆಲಸ ಹಗುರ. ಊರಿನ ಚರಿತ್ರೆ ಓದಿದ ಮೇಲೆ ಈ ನಂಬಿಕೆ ಅಲ್ಲಾಡಿಬಿಡ್ತು.

1907ರ ಹೊತ್ತಿಗೆ ಆ 'ಘನವಾದ' ಕೆಲಸ ಹೇಗಿತ್ತು ಗೊತ್ತಾ? ದಿನಕ್ಕೆ 12 ಗಂಟೆ. ಎರಡು ವಾರಕ್ಕೊಮ್ಮೆ ಹಗಲು ಪಾಳಿಯವರು ರಾತ್ರಿಗೆ ಬದಲಾಗುವಾಗ ಒಂದೇ ಸಮನೆ 24 ಗಂಟೆ. ಸಾಮಾನ್ಯ ಕೂಲಿಗೆ ಗಂಟೆಗೆ 16.5 ಸೆಂಟ್. ಮಾರ್ಗರೆಟ್ ಬೈಯಿಂಗ್ಟನ್ ಅನ್ನುವವರು ಆಗ ಹೋಮ್‌ಸ್ಟೆಡ್ಡಿನ ಮನೆಮನೆಗೆ ಹೋಗಿ, ಸಂಸಾರಗಳ ಖರ್ಚಿನ ಲೆಕ್ಕ ಬರೆದುಕೊಂಡು, 1910ರಲ್ಲಿ ಪುಸ್ತಕ ಮಾಡಿದರು. ಅದೇ ವರ್ಷ ಬಂದ ಕ್ರಿಸ್ಟಲ್ ಈಸ್ಟ್‌ಮನ್ ಅವರ ಪುಸ್ತಕದಲ್ಲಿ ಇನ್ನೊಂದು ಲೆಕ್ಕ. 1906ರ ಜುಲೈನಿಂದ ಒಂದೇ ವರ್ಷದಲ್ಲಿ ಪಿಟ್ಸ್‌ಬರ್ಗ್ ಇರುವ ಅಲೆಘೆನಿ ಕೌಂಟಿಯಲ್ಲಿ ಕೆಲಸದ ಅಪಘಾತಕ್ಕೆ ಸತ್ತವರು 526 ಜನ. ಅದರಲ್ಲಿ 195 ಜನ ಉಕ್ಕಿನ ಕೆಲಸದವರು.

ಇಷ್ಟು ಕೆಟ್ಟ ಕೆಲಸ ಆಮೇಲೆ ಎಲ್ಲರೂ ಹಂಬಲಿಸುವ 'ಒಳ್ಳೆಯ ಕೆಲಸ' ಆದದ್ದು ಹೇಗೆ? ಉಕ್ಕು ಬದಲಾಗಲಿಲ್ಲ, ಕುಲುಮೆಯ ಬಿಸಿಯೂ ಕಡಿಮೆಯಾಗಲಿಲ್ಲ. ಬದಲಾದದ್ದು ಕರಾರು.

ಅದರ ಹಿಂದೆ ಒಂದು ಸೋಲೂ ಇದೆ. 1892ರಲ್ಲಿ ಕಾರ್ನೆಗಿ ಕಂಪನಿ ಸಂಘವನ್ನು ಮುರಿಯಲು ಹೊರಟಿತು. ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿದ್ದರು, ಇಲ್ಲಿ ಕಾರುಬಾರು ಹೆನ್ರಿ ಫ್ರಿಕ್ ಅವರದ್ದು. ಜುಲೈ 6ರಂದು ಪಿಂಕರ್ಟನ್ ಏಜೆನ್ಸಿಯ 300 ಕಾವಲುಗಾರರು ದೋಣಿಗಳಲ್ಲಿ ನದಿ ಹಾದು ಬಂದರು. ದಡದಲ್ಲಿ ಗುಂಡಿನ ಕಾಳಗ. ಎರಡೂ ಕಡೆ ಸೇರಿ ಸುಮಾರು ಹತ್ತು ಜನ ಸತ್ತರು. ಅವತ್ತು ಕಾರ್ಮಿಕರು ಗೆದ್ದರು, ಆದರೆ ಸೈನ್ಯ ಬಂತು, ನವೆಂಬರ್ ಹೊತ್ತಿಗೆ ಮುಷ್ಕರ ಮುಗಿಯಿತು. ಯುಎಸ್ ಸ್ಟೀಲ್ ಕಂಪನಿ ಮತ್ತೆ ಸಂಘದ ಜೊತೆ ಕರಾರಿಗೆ ಸಹಿ ಹಾಕಿದ್ದು 1937ರಲ್ಲಿ. 45 ವರ್ಷ!

ಅಲ್ಲಿಂದ ಮುಂದೆ ಪಿಂಚಣಿ, ವಿಮೆ, 1956ರಲ್ಲಿ ಕೆಲಸ ನಿಂತಾಗಲೂ ಭತ್ಯೆ, 1963ರಲ್ಲಿ ಹಿರಿಯ ಕೆಲಸಗಾರರಿಗೆ ಐದು ವರ್ಷಕ್ಕೊಮ್ಮೆ 13 ವಾರಗಳ ಸಂಬಳದ ರಜೆ ಬಂತು. (ನಮ್ಮ ಹೆಚ್‌ಆರ್ ಇದನ್ನು ಓದಬಾರದು :-) )

ಹಾಗಂತ ಅದು ಸ್ವರ್ಗವೇನಲ್ಲ. ಯುದ್ಧಕಾಲದಲ್ಲಿ ಕಾರ್ಖಾನೆ ದೊಡ್ಡದು ಮಾಡಲು ರೈಲು ಹಳಿಯ ಕೆಳಗಿನ ಇಡೀ ಕೇರಿಯನ್ನೇ ಕೆಡವಿದರು, ಸುಮಾರು 8,000 ಜನ ಮನೆ ಬಿಟ್ಟರು. ಕಪ್ಪು ಜನರಿಗೂ ಹೆಂಗಸರಿಗೂ ಒಳ್ಳೆಯ ವಿಭಾಗಗಳ ಬಾಗಿಲು ಮುಚ್ಚೇ ಇತ್ತು. ಒಂಬತ್ತು ಉಕ್ಕಿನ ಕಂಪನಿಗಳು 1974ರಲ್ಲಿ ಕೋರ್ಟಿನ ಮುಂದೆ ಇದನ್ನು ಸರಿಪಡಿಸಲು ಒಪ್ಪಿ ಸುಮಾರು 3.1 ಕೋಟಿ ಡಾಲರ್ ಬಾಕಿ ಕೊಡಬೇಕಾಯ್ತು. ಅದಾಗಿ ಹನ್ನೆರಡೇ ವರ್ಷಕ್ಕೆ ಹೋಮ್‌ಸ್ಟೆಡ್ ಮುಚ್ಚಿತು. ಬಾಗಿಲು ತೆರೆಯುವ ಹೊತ್ತಿಗೆ ಮನೆಯೇ ಇಲ್ಲ ಅಂದ ಹಾಗೆ.

1983ರ ಆರಂಭದಲ್ಲಿ ಪಿಟ್ಸ್‌ಬರ್ಗ್ ಪ್ರದೇಶದ ನಿರುದ್ಯೋಗ ಶೇ. 17 ದಾಟಿತ್ತು. ನಿಧಾನಕ್ಕೆ ಊರು ಚೇತರಿಸಿಕೊಂಡಿತು, ಆದರೆ ಉಕ್ಕಿನಿಂದಲ್ಲ. ಆಸ್ಪತ್ರೆ, ವಿಶ್ವವಿದ್ಯಾಲಯ, ಕಂಪ್ಯೂಟರ್. ಯುಎಸ್ ಸ್ಟೀಲಿನ 64 ಅಂತಸ್ತಿನ ಗೋಪುರದ ತುದಿಯಲ್ಲಿ 2008ರಲ್ಲಿ ಏರಿದ ಹೆಸರು ಯುಪಿಎಂಸಿ ಅನ್ನೋ ಆಸ್ಪತ್ರೆ ಸಂಸ್ಥೆಯದ್ದು! ಹೋಮ್‌ಸ್ಟೆಡ್‌ನಂಥ ನದಿ ದಂಡೆಯ ಊರಿನ ಪಾಲಿಗೆ ಬಂದದ್ದು ಮಾಲ್.

ಮಾಲ್ ತೆರೆದಾಗ ಅಮೆರಿಕದ ಕನಿಷ್ಠ ಕೂಲಿ ಗಂಟೆಗೆ 5.15 ಡಾಲರ್. ವಾರಕ್ಕೆ 40 ಗಂಟೆಯಂತೆ ವರ್ಷಪೂರ್ತಿ ದುಡಿದರೂ 10,712 ಡಾಲರ್. ಅಂಗಡಿ ಕೆಲಸದಲ್ಲಿ ಎಷ್ಟೋ ಜನಕ್ಕೆ ಆ 40 ಗಂಟೆಯೂ ಸಿಗೋದಿಲ್ಲ. 2009ರಲ್ಲಿ ಅದು 7.25 ಆಯ್ತು, ಆಮೇಲೆ ಹದಿನೈದು ವರ್ಷ ಕದಲಲಿಲ್ಲ.

ಹಾಗಾದರೆ ಅಂಗಡಿ ಕೆಲಸಕ್ಕೂ ಒಂದು 1937 ಬಂದರೆ ಸಾಕಾ? ಅಷ್ಟು ಸುಲಭ ಅಲ್ಲ. ಎರಡು ಕಷ್ಟ ಇವೆ. ಮೊದಲನೆಯದು, ಕಾರ್ಖಾನೆಯಲ್ಲಿ ಸಾವಿರಾರು ಜನ ಒಂದೇ ಗೇಟಿನಲ್ಲಿ ಒಬ್ಬನೇ ಧಣಿಗೆ ದುಡಿಯುತ್ತಿದ್ದರು. ಅವರು ಕೈ ಕಟ್ಟಿ ಕೂತರೆ ದೇಶವೇ ತಿರುಗಿ ನೋಡುತ್ತಿತ್ತು. 1959ರಲ್ಲಿ ಅಮೆರಿಕದಾದ್ಯಂತ ಉಕ್ಕಿನ ಮುಷ್ಕರ 116 ದಿನ ನಡೆಯಿತು. ಮಾಲ್‌ನಲ್ಲಿ ಹತ್ತಾರು ಅಂಗಡಿ, ಹತ್ತಾರು ಧಣಿಗಳು, ಒಂದೊಂದರಲ್ಲೂ ಬೆರಳೆಣಿಕೆಯ ಜನ. ಎರಡನೆಯದು, ಉಕ್ಕು ಹೊರಗೆ ಹೋಗಿ ದುಡ್ಡು ಊರೊಳಗೆ ಬರುತ್ತಿತ್ತು. ಅಂಗಡಿಯಲ್ಲಿ ಬಹುಪಾಲು ಸುತ್ತಮುತ್ತಲಿನವರ ದುಡ್ಡೇ ಕೈ ಬದಲಿಸುತ್ತದೆ. ವಾಟರ್‌ಫ್ರಂಟ್‌ಗೂ ಊರಿನ ಹಳೆಯ ಪೇಟೆ ಎಂಟನೇ ಅವೆನ್ಯೂಗೂ ನಡುವೆ ರೈಲು ಹಳಿ ಇದೆ. ಆ ಕಡೆಗೆ ಕಾರಿನಲ್ಲಿ ಬರುವವರು ಹಳಿ ದಾಟಿ ಈ ಕಡೆ ಬರಬೇಕಾದ ಕಾರಣವೇ ಇಲ್ಲ. ನಾವೂ ದಾಟಲಿಲ್ಲ.

ಆದ್ದರಿಂದ ಕಾರ್ಖಾನೆ ವಾಪಸ್ ಬಂದರೆ ಎಲ್ಲ ಸರಿಹೋಗುತ್ತೆ ಅನ್ನುವವರಿಗೆ ನನ್ನದೊಂದು ಪ್ರಶ್ನೆ: ಯಾವ ಕಾರ್ಖಾನೆ, 1907ರದ್ದಾ, 1963ರದ್ದಾ? ಎರಡೂ ಇದ್ದದ್ದು ಅದೇ ನೆಲದಲ್ಲಿ. ಕೆಲಸಕ್ಕೆ ಘನತೆ ಹುಟ್ಟಿನಿಂದ ಬರೋದಿಲ್ಲ, ಯಾರೋ ಜಗಳ ಮಾಡಿ ತಂದುಕೊಡಬೇಕು. ಏಸಿಯಲ್ಲಿ ಕೂತು ಕೋಡ್ ಬರೆಯುವ ನಮ್ಮ 'ಒಳ್ಳೆಯ ಕೆಲಸ'ಕ್ಕೂ ಇದೇ ಮಾತು. ನಾವಂತೂ ಇನ್ನೂ ಯಾವ ಜಗಳವನ್ನೂ ಮಾಡಿಲ್ಲ.

ಅವತ್ತು ಆ ಮಾಲ್‌ನಲ್ಲಿ ಒಂದು ಜಾಕೆಟ್ ಕೊಂಡೆ. ಚಳಿ ಬಂದಾಗಲೆಲ್ಲ ಆ ಹನ್ನೆರಡು ಚಿಮ್ನಿ ನೆನಪಾಗುತ್ತವೆ.