ಎರೆಹಾದಿಯ ಫೋರ್ಡು, ಅರಮನೆಯ ರೋಲ್ಸ್‌ರಾಯ್ಸ್

ಹಳೆಯ ಕಾರು ಎಂದೊಡನೆ ನಮ್ಮ ಕಣ್ಣ ಮುಂದೆ ಅರಮನೆ ಬರುತ್ತದೆ. ಮೈಸೂರು ಒಡೆಯರ ರೋಲ್ಸ್‌ರಾಯ್ಸ್‌ಗಳು, ಹೈದರಾಬಾದ್ ನಿಜಾಮರಿಗಾಗಿ 1912ರಲ್ಲಿ ತಯಾರಾದ ಹಳದಿ ಬಣ್ಣದ ಸಿಲ್ವರ್ ಘೋಸ್ಟ್, ಅದರೊಳಗಿನ ಸಿಂಹಾಸನದಂಥ ಆಸನ. ಪತ್ರಿಕೆಗಳು ಬರೆಯುವುದೂ ಇವುಗಳ ಮೇಲೆಯೇ, ಜನ ನಿಂತು ಫೋಟೊ ತೆಗೆಸಿಕೊಳ್ಳುವುದೂ ಇವುಗಳ ಪಕ್ಕದಲ್ಲಿಯೇ. ಆದರೆ ಎರಡನೆಯ ಮಹಾಯುದ್ಧಕ್ಕೆ ಮೊದಲು ಈ ನಾಡಿನ ಧೂಳಿನ ದಾರಿಗಳಲ್ಲಿ ನಿಜವಾಗಿ ದುಡಿದ ಮೋಟಾರುಗಳು ಬೇರೆ. ಅವು ಅಮೆರಿಕದ ಫೋರ್ಡ್, ಶೆವರ್ಲೆ, ಡಾಜ್, ಬ್ಯೂಕ್. ಇವುಗಳ ಮೇಲಿನ ಹಂಬಲ ಈಗ ಕರ್ನಾಟಕದಲ್ಲೂ ಬೆಳೆಯುತ್ತಿದೆ. ಆ ಹಂಬಲ ಅರಮನೆಯ ಹೆಬ್ಬಾಗಿಲು ದಾಟಿ ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಿಗೆ ಬರದೆ ಈ ಕಾರುಗಳ ಕಥೆ ಪೂರ್ತಿಯಾಗದು ಎಂಬುದು ನನ್ನ ಗಟ್ಟಿ ನಂಬಿಕೆ.

ಈ ಮೂರೂರುಗಳ ಭೂಗೋಳವನ್ನೇ ನೋಡಿ. ಬೊಂಬಾಯಿಯಿಂದ ಬಂದ ರೈಲುಹಾದಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಾದಿಯನ್ನು ಕೂಡಿಕೊಂಡಿತು. ಆ ಹಾದಿಯ ಮೇಲೆ ಯಾದಗಿರಿ ಇತ್ತು, ಶಹಾಪುರ ಸುರಪುರಗಳು ಇರಲಿಲ್ಲ. ಅವೆರಡೂ ಭೀಮೆಯ ಆಚೆ, ಭೀಮಾ ಕೃಷ್ಣೆಯರ ನಡುವಿನ ಸಗರನಾಡಿನಲ್ಲಿವೆ. ಇಂದಿಗೂ ಅಲ್ಲಿಗೆ ರೈಲಿಲ್ಲ. ಆಗ ಹತ್ತಿ, ಶೇಂಗಾ, ಜೋಳ ಎಲ್ಲವೂ ಬಂಡಿಯಲ್ಲಿ ಯಾದಗಿರಿ ಸ್ಟೇಷನ್ನಿಗೆ ಬರಬೇಕಿತ್ತು. ಮಳೆ ಬಿತ್ತೆಂದರೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಎತ್ತುಗಳೂ ಸೋಲುವ ದಾರಿ ಅದು. ಇಂಥ ಕಡೆ ಬರುವ ಮೋಟಾರಿಗೆ ನೆಲದಿಂದ ಎತ್ತರ ಬೇಕು, ಎಂಜಿನ್ನಿನಲ್ಲಿ ಜೋರು ಬೇಕು, ಕೆಟ್ಟರೆ ಊರಿನ ಕಮ್ಮಾರನೇ ತಟ್ಟಿ ಸರಿಮಾಡುವಷ್ಟು ಸರಳವಾಗಿರಬೇಕು. ಇಂಗ್ಲೆಂಡಿನ ಟಾರು ರಸ್ತೆಗೆಂದು ಮಾಡಿದ ಸಣ್ಣ ಕಾರುಗಳಲ್ಲಿ ಈ ಗುಣ ಕಡಿಮೆ. ಅಮೆರಿಕದ ಕಾರುಗಳು ಹುಟ್ಟಿದ್ದೇ ರಸ್ತೆಯಿಲ್ಲದ ರೈತರ ನಾಡಿನಲ್ಲಿ.

1908ರಲ್ಲಿ ಮಾರಾಟಕ್ಕೆ ಬಂದ ಫೋರ್ಡ್ ಟಿ ಮಾದರಿಯ ಬಗ್ಗೆ ತುಸು ನಿಂತು ಹೇಳಬೇಕು. ಸುಮಾರು 20 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್, ಮುಂದೊಂದು ಹಿಂದೊಂದು ಅಡ್ಡಲಾಗಿ ಕೂಡಿಸಿದ ಸ್ಪ್ರಿಂಗು. ಆ ಅಡ್ಡ ಸ್ಪ್ರಿಂಗಿನಿಂದಾಗಿ ಒಂದು ಚಕ್ರ ಬಂಡಿಜಾಡಿಗೆ ಇಳಿದರೂ ಉಳಿದ ಮೂರು ನೆಲ ಬಿಡುತ್ತಿರಲಿಲ್ಲ. ಪೆಟ್ರೋಲಿಗೆ ಪಂಪಿರಲಿಲ್ಲ, ಸೀಟಿನ ಕೆಳಗಿನ ಟ್ಯಾಂಕಿನಿಂದ ಅದು ತಾನಾಗಿಯೇ ಇಳಿದು ಎಂಜಿನ್ನಿಗೆ ಹೋಗಬೇಕಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಾಗಿ ಎದುರಿಗೆ ಕಡಿದಾದ ಏರು ಬಂದರೆ ಮುಂದಿನ ಎಂಜಿನ್ ಮೇಲಾಗಿ, ಹಿಂದಿನ ಟ್ಯಾಂಕು ಕೆಳಗಾಗಿ ಗಾಡಿ ಬಂದಾಗುತ್ತಿತ್ತು. ಆಗ ಚಾಲಕರು ಗಾಡಿಯನ್ನು ತಿರುಗಿಸಿ ಹಿಂಬದಿಯಿಂದ ಏರು ಹತ್ತಿಸುತ್ತಿದ್ದರು. ಸುರಪುರದಂಥ ಗುಡ್ಡದೂರಿನಲ್ಲಿ ಸೀಟಿನ ಕೆಳಗೆ ಟ್ಯಾಂಕಿದ್ದ ಗಾಡಿಗೆ ಈ ಪಾಡು ತಪ್ಪುವಂಥದ್ದಲ್ಲ. ಚಾಲೂ ಮಾಡಲು ಮುಂದೆ ಹ್ಯಾಂಡಲ್ ತಿರುವಬೇಕು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಿ ಹಿಡಿದವನ ಮಣಿಕಟ್ಟು ಎಂಜಿನ್ ಹಿಂದಕ್ಕೆ ಒದ್ದಾಗ ಮುರಿಯುತ್ತಿತ್ತು. ಬ್ಯಾಟರಿಯಿಂದ ಚಾಲೂ ಆಗುವ ಸ್ಟಾರ್ಟರನ್ನು 1912ರ ಕ್ಯಾಡಿಲ್ಯಾಕ್ ತಂದಿತು. ಅದು ಅಗ್ಗದ ಗಾಡಿಗಳಿಗೆ ಇಳಿದು ಬರಲು ಇನ್ನೂ ಕೆಲವು ವರ್ಷ ಹಿಡಿದವು.

1913ರಲ್ಲಿ ಫೋರ್ಡ್ ತನ್ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ತಂದ ಮೇಲೆ, ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಚಾಸಿ ಜೋಡಣೆ ಒಂದೂವರೆ ಗಂಟೆಗೆ ಇಳಿಯಿತು. ಬೆಲೆಯೂ ಇಳಿಯುತ್ತ ಹೋಯಿತು. 1927ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿ ಗಾಡಿಗಳು ಹೊರಬಂದಿದ್ದವು. ನಂತರ ಬಂದದ್ದು 40 ಅಶ್ವಶಕ್ತಿಯ ಎ ಮಾದರಿ. 1929ರಲ್ಲಿ ಶೆವರ್ಲೆ ಆರು ಸಿಲಿಂಡರಿನ ಗಾಡಿಯನ್ನು ನಾಲ್ಕು ಸಿಲಿಂಡರಿನ ಬೆಲೆಗೆ ಕೊಟ್ಟಿತು. 1932ರಲ್ಲಿ ಫೋರ್ಡ್ ಎಂಟು ಸಿಲಿಂಡರಿನ ವಿ-8 ಎಂಜಿನ್ನನ್ನು ಸಾಮಾನ್ಯ ಗಿರಾಕಿಯ ಕೈಗೆಟುಕಿಸಿತು. ಇಂದು ಸಂಗ್ರಾಹಕರು ಬಾಯಿತುಂಬ ಹೇಳುವ ಹೆಸರುಗಳೆಲ್ಲ ಈ ಇಪ್ಪತ್ತು ಇಪ್ಪತ್ತೈದು ವರ್ಷಗಳ ಬೆಳೆ.

ಇವು ನಮ್ಮ ಕಡೆ ಬಂದ ದಾರಿಯೂ ಕುತೂಹಲದ್ದು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಫೋರ್ಡ್ ಗಾಡಿಗಳನ್ನು ಕಳಿಸುವ ಹಕ್ಕು ಫೋರ್ಡ್‌ನ ಕೆನಡಾ ಕಂಪನಿಯ ಕೈಯಲ್ಲಿತ್ತು. ಡೆಟ್ರಾಯಿಟ್ ನದಿಯ ಆ ದಡದಲ್ಲಿ, ಬಲಗಡೆ ಸ್ಟೀರಿಂಗ್ ಕೂಡಿಸಿಕೊಂಡು, ಸಾಮ್ರಾಜ್ಯದೊಳಗಿನ ಸರಕು ಎಂಬ ಮುದ್ರೆಯೊಡನೆ ಅವು ಹಡಗು ಹತ್ತಿದವು. 1926ರಲ್ಲಿ ಅದೇ ಕೆನಡಾ ಕಂಪನಿಯ ಶಾಖೆಯಾಗಿ ಫೋರ್ಡ್ ಇಂಡಿಯಾ ಹುಟ್ಟಿ ಮದರಾಸು, ಬೊಂಬಾಯಿ, ಕಲಕತ್ತೆಗಳಲ್ಲಿ ಕೆಲಸ ಶುರುಮಾಡಿತು. 1928ರಲ್ಲಿ ಜನರಲ್ ಮೋಟಾರ್ಸ್ ಬೊಂಬಾಯಿಯ ಶಿವಡಿಯಲ್ಲಿ ಬಿಡಿಭಾಗ ಜೋಡಿಸುವ ಕಾರ್ಖಾನೆ ತೆರೆಯಿತು. ಬೊಂಬಾಯಿ, ಮದರಾಸು ಎರಡಕ್ಕೂ ಯಾದಗಿರಿಯಿಂದ ನೇರ ರೈಲಿತ್ತು. ಆದರೆ ಯಾದಗಿರಿ ನಿಜಾಮರ ಸೀಮೆ. ಬ್ರಿಟಿಷ್ ಬಂದರಿನಲ್ಲಿ ಸುಂಕ ಕಟ್ಟಿ ಬಂದ ಮಾಲಿಗೂ ಹೈದರಾಬಾದಿನ ಕರೋಡಗಿರಿ, ಅಂದರೆ ಸುಂಕದ, ನಾಕಾದಲ್ಲಿ ಇನ್ನೊಮ್ಮೆ ಕಟ್ಟಬೇಕಿತ್ತು. ರೊಕ್ಕವೂ ಬೇರೆ, ನಿಜಾಮರ ಹಾಲಿ ಸಿಕ್ಕಾ. ಒಂದು ಶೆವರ್ಲೆ ಸಗರನಾಡನ್ನು ಮುಟ್ಟಬೇಕಾದರೆ ಎರಡು ಸರ್ಕಾರಗಳ ಕೈದಾಟಿ ಬರಬೇಕಿತ್ತು. ಈ ಭಾಗದ ಮೋಟಾರು ಇತಿಹಾಸ ಬರೆಯುವವರು ಇದನ್ನು ಮರೆತರೆ ಮೈಸೂರಿನ ಅನುಭವವನ್ನೇ ಇಡೀ ಕರ್ನಾಟಕದ ಅನುಭವ ಎಂದುಕೊಳ್ಳುವ ತಪ್ಪು ಆಗುತ್ತದೆ.

ಬಸ್ಸಿನ ವಿಷಯದಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಕರಾವಳಿಯಲ್ಲಿ ಮೊದಲ ಮಹಾಯುದ್ಧದ ಹೊತ್ತಿನ ಸಿಪಿಸಿ ಬಸ್ ಕಂಪನಿಯಿಂದ ಹಿಡಿದು ಅನೇಕ ಖಾಸಗಿ ಕಂಪನಿಗಳು ಬೆಳೆದವು. ಬೊಂಬಾಯಿ ಪ್ರಾಂತದ ಧಾರವಾಡ, ವಿಜಾಪುರಗಳ ಕಡೆಯೂ ಬಸ್ಸು ಖಾಸಗಿಯವರದು. ಅಮೆರಿಕದ ಲಾರಿ ಚಾಸಿ ಕೊಂಡು, ಮೇಲೆ ಬಡಗಿಯಿಂದ ಕಟ್ಟಿಗೆಯ ಬಾಡಿ ಕಟ್ಟಿಸಿ, ಬದಿಗೆ ಕ್ಯಾನ್ವಾಸ್ ಪರದೆ ಇಳಿಬಿಟ್ಟರೆ ಸರ್ವೀಸ್ ಮೋಟಾರು ಸಿದ್ಧ. ಹೈದರಾಬಾದ್ ಸಂಸ್ಥಾನದಲ್ಲಿ ಮಾತ್ರ 1932ರಲ್ಲಿ ಸರ್ಕಾರವೇ ಬಸ್ಸಿಗೆ ಇಳಿಯಿತು. ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸು, 166 ನೌಕರರೊಂದಿಗೆ ಶುರುವಾಗಿ ಕ್ರಮೇಣ ಜಿಲ್ಲೆಗಳಿಗೆ ಹಬ್ಬಿತು. ಅದು ತರಿಸಿದ್ದು ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳನ್ನು. ಹೀಗಾಗಿ ಈ ಸೀಮೆಯಲ್ಲಿ ಅಮೆರಿಕದ ಗಾಡಿಗೆ ಉಳಿದ ಜಾಗ ಜಮೀನ್ದಾರರ, ಹತ್ತಿ ವ್ಯಾಪಾರಿಗಳ, ವಕೀಲರ, ಡಾಕ್ಟರರ ಮನೆಯಂಗಳ ಮತ್ತು ಮಾಲು ಸಾಗಿಸುವ ಲಾರಿ. ಕರಾವಳಿಯಲ್ಲಿ ಶೆವರ್ಲೆ ಎಂದರೆ ಟಿಕೆಟ್ ಕೊಟ್ಟು ಹತ್ತಿದ ಜನರ ನೆನಪು. ಇಲ್ಲಿ ಅದು ಊರಿನ ಒಬ್ಬಿಬ್ಬರು ದೊಡ್ಡವರ ಮನೆಯ ನೆನಪು, ಉಳಿದವರಿಗೆ ಅದರ ಹಿಂದೆ ಎದ್ದ ಧೂಳು.

ನಮ್ಮ ನಾಡಿನಲ್ಲೇ ಅಮೆರಿಕದ ಕಾರು ತಯಾರಾಗುವ ಕಾಲವೂ ಹತ್ತಿರ ಬಂದಿತ್ತು. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೊರದೇಶದ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲೊಂದು ಕಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡ ವಾಲಚಂದ್ ಹೀರಾಚಂದ್ ಅಮೆರಿಕದ ಕ್ರೈಸ್ಲರ್ ಜೊತೆ ಮಾತಾಡಿ ಒಪ್ಪಂದಕ್ಕೂ ಬಂದರು. ಕಾರ್ಖಾನೆ ಮೈಸೂರು ಸಂಸ್ಥಾನಕ್ಕೆ ಬರಲಿ ಎಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಉತ್ಸುಕರಾಗಿದ್ದರು. ಬ್ರಿಟಿಷ್ ಸರ್ಕಾರ ಯುದ್ಧದ ಕಾರಣ ಹೇಳಿ ಬೆಂಬಲ ಕೊಡಲಿಲ್ಲ. 1940ರಲ್ಲಿ ಬೆಂಗಳೂರಿಗೆ ಬಂದದ್ದು ವಾಲಚಂದರ ವಿಮಾನ ಕಾರ್ಖಾನೆ. ಕಾರಿನ ಕನಸು ಬೊಂಬಾಯಿಯಲ್ಲೇ ಉಳಿದು ಸ್ವಾತಂತ್ರ್ಯದ ಹೊತ್ತಿಗೆ ಪ್ರೀಮಿಯರ್ ಕಂಪನಿಯ ಡಾಜ್, ಪ್ಲಿಮತ್‌ಗಳಾಗಿ ಹೊರಬಂತು. ಆ ಯೋಜನೆ ಕೈಗೂಡಿದ್ದರೆ ಕನ್ನಡ ನಾಡಿನ ಕೈಗಾರಿಕೆಯ ಚಿತ್ರವೇ ಬದಲಾಗುತ್ತಿತ್ತು. ಅದು ತಪ್ಪಿದ್ದು ದೊಡ್ಡ ನಷ್ಟ.

ಯುದ್ಧ ಈ ಕಾರುಗಳ ಕಾಲಕ್ಕೆ ಗೆರೆ ಎಳೆಯಿತು. 1942ರ ಫೆಬ್ರವರಿಯಲ್ಲಿ ಅಮೆರಿಕದ ಕಾರ್ಖಾನೆಗಳು ಜನರಿಗೆ ಕಾರು ಮಾಡುವುದನ್ನು ನಿಲ್ಲಿಸಿ ಸೇನೆಯ ಕೆಲಸಕ್ಕೆ ತಿರುಗಿದವು. ಯುದ್ಧಪೂರ್ವ ಕಾರು ಎಂದರೆ ಅಲ್ಲಿಯವರೆಗಿನದು. ಇಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸಿನ ಹಿಂಬದಿಗೆ ಉದ್ದನೆಯ ಡ್ರಮ್ಮು ಕಟ್ಟಿ, ಇದ್ದಿಲು ಸುಟ್ಟು, ಅದರ ಗ್ಯಾಸಿನಲ್ಲಿ ಎಂಜಿನ್ ಓಡಿಸಿದರು. ಗ್ಯಾಸಿಗೆ ಪೆಟ್ರೋಲಿನ ಕಸುವಿಲ್ಲ, ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕು. ಹಿರಿಯರು ಇದ್ದಿಲು ಬಸ್ಸಿನ ಕಥೆಯನ್ನು ಇಂದಿಗೂ ಉತ್ಸಾಹದಿಂದ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಹೊಳೆಯುವ ಯಾವ ಪ್ರದರ್ಶನದ ಕಾರಿಗಿಂತ ಆ ಮಾತು ಹೆಚ್ಚು ಬೆಲೆಯುಳ್ಳದ್ದು.

ಯುದ್ಧ ಮುಗಿದ ಮೇಲೆ ಸೇನೆಯ ಹರಾಜಿನಲ್ಲಿ ಬಂದ ಜೀಪು, ಲಾರಿಗಳು ಹಳೆಯ ಗಾಡಿಗಳ ಜಾಗ ಹಿಡಿದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ಈ ಮೂರೂರುಗಳಿದ್ದ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಈ ನಡುವೆ, ದೇಶದಲ್ಲೇ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಜಾಗವಿಲ್ಲ ಎಂದು 1953ರಲ್ಲಿ ಸರ್ಕಾರ ನಿರ್ಧರಿಸಿದ ಮೇಲೆ ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಬಾಗಿಲು ಹಾಕಿದವು. ಬಿಡಿಭಾಗ ಬರುವುದು ನಿಂತಿತು. ಕಡೆಗೆ 1973ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಮೂರು, ಮೂರೂವರೆ ಲೀಟರಿನ ಎಂಜಿನ್ನುಗಳನ್ನು ಸಾಕುವುದು ಯಾರಿಗೂ ಬೇಡವಾಯಿತು. ಕೆಲವಕ್ಕೆ ಡೀಸೆಲ್ ಎಂಜಿನ್ ಬಂತು, ಬಹಳಷ್ಟು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಇಂದು ಎ ಮಾದರಿಯ ಒಂದು ಬಿಡಿಭಾಗಕ್ಕಾಗಿ ಕಡಲಾಚೆಗೆ ಬರೆಯುವವರಿಗೆ ಆ ದಿನಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಂಬಲದ ಚರಿತ್ರೆ ಶುರುವಾದದ್ದು ಕಾರುಗಳ ತವರಿನಲ್ಲೇ. ಅಮೆರಿಕದ ಆಂಟಿಕ್ ಆಟೊಮೊಬೈಲ್ ಕ್ಲಬ್ 1935ರಷ್ಟು ಹಿಂದಿನದು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನ ಕಾರುಗಳ ಸೌಂದರ್ಯ ಸ್ಪರ್ಧೆ 1950ರಿಂದ, ಕ್ಲಾಸಿಕ್ ಕಾರ್ ಕ್ಲಬ್ 1952ರಿಂದ. ಭಾರತದಲ್ಲಿ ದಿಲ್ಲಿಯ ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ಹಳೆ ಕಾರುಗಳ ರ‍್ಯಾಲಿ ಆರಂಭಿಸಿತು. 1971ರಲ್ಲಿ ರಾಜಧನ ರದ್ದಾದಾಗ ಅನೇಕ ಸಂಸ್ಥಾನಗಳ ಗ್ಯಾರೇಜುಗಳು ಖಾಲಿಯಾಗತೊಡಗಿದವು. ವಿದೇಶಿ ಸಂಗ್ರಾಹಕರು ಬಂದು ಕಾರುಗಳನ್ನು ಕೊಂಡೊಯ್ಯುತ್ತಿದ್ದಾಗ ಸರ್ಕಾರ ಅವುಗಳ ರಫ್ತಿಗೆ ತಡೆ ಹಾಕಿತು. ಬಹುಮಟ್ಟಿಗೆ ಅಂದಿನ ಆ ತಡೆಯಿಂದಾಗಿ ಇಂದಿನ ರ‍್ಯಾಲಿಗಳಿಗೆ ಕಾರುಗಳು ಉಳಿದಿವೆ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಬೆಳೆಯಿತು. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕೂಡಿಸಿದ ಕಾರುಗಳು ಅಲ್ಲಿನ ಸಂಗ್ರಹಾಲಯದ ದೊಡ್ಡ ಆಕರ್ಷಣೆ. ಶ್ರೀರಂಗಪಟ್ಟಣದ ಬಳಿ, ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಅವರದೇ ‘ಪಯಣ’ ಸಂಗ್ರಹಾಲಯ ಈಗ ಶಾಲೆಯ ಮಕ್ಕಳಿಗೂ ತೆರೆದಿದೆ. ಈ ಸಂಗ್ರಹಗಳಲ್ಲಿ ಅರಮನೆಯ ಬೆಡಗಿನ ಗಾಡಿಗಳ ಜೊತೆಗೆ ಸಾಧಾರಣ ಅಮೆರಿಕನ್ ಗಾಡಿಗಳಿಗೂ ಜಾಗ ಸಿಕ್ಕಿರುವುದು ನನಗೆ ಬಹಳ ಸಂತೋಷದ ಸಂಗತಿ.

ಕ್ಷೇತ್ರ ಬೆಳೆದಂತೆ ಕಟ್ಟುಪಾಡೂ ಬಂತು. ಜಾಗತಿಕ ಒಕ್ಕೂಟವಾದ ಫಿವಾ 1919ರಿಂದ 1930ರವರೆಗಿನದನ್ನು ವಿಂಟೇಜ್ ಎನ್ನುತ್ತದೆ, 1931ರಿಂದ 1945ರವರೆಗಿನದನ್ನು ಪೋಸ್ಟ್ ವಿಂಟೇಜ್ ಎನ್ನುತ್ತದೆ. ನಮ್ಮ ಸರ್ಕಾರದ 2021ರ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ‘ವಿಎ’ ಅಕ್ಷರಗಳ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಈ ಕೊನೆಯ ಅನುಕೂಲ ಮುಖ್ಯವಾದದ್ದು, ಏಕೆಂದರೆ ನಂಬರು ತಗಡು ಆ ಗಾಡಿ ಯಾವ ಸಂಸ್ಥಾನದಲ್ಲಿ, ಯಾವ ಜಿಲ್ಲೆಯಲ್ಲಿ ಓಡಿತೆಂಬುದಕ್ಕೆ ಸಾಕ್ಷಿ.

ದುರಸ್ತಿಯ ವಿಚಾರದಲ್ಲಿ ದೊಡ್ಡ ಭಿನ್ನಾಭಿಪ್ರಾಯವಿದೆ. ಒಂದು ಪಂಗಡ ಬಣ್ಣ, ಕ್ರೋಮು, ಸೀಟು ಎಲ್ಲವನ್ನೂ ಹೊಸದಾಗಿಸಿ ಕಾರ್ಖಾನೆಯಿಂದ ಬಂದ ದಿನದ ಹಾಗೆ ಮಾಡಬೇಕೆನ್ನುತ್ತದೆ. ಇನ್ನೊಂದು, ಗಾಡಿ ಬದುಕಿದ ಗುರುತುಗಳನ್ನು ಅಳಿಸಬಾರದೆನ್ನುತ್ತದೆ. ಫಿವಾದ ಟ್ಯೂರಿನ್ ಚಾರ್ಟರ್ ಎರಡನೆಯವರ ಕಡೆಗಿದೆ, ನಾನೂ. ಎರೆನಾಡಿನ ಕಮ್ಮಾರ ಕಾಯಿಸಿ ಕೂಡಿಸಿದ ಸ್ಪ್ರಿಂಗಿನ ಪಟ್ಟಿ, ಬಡಗಿ ಬೇವಿನ ಹಲಗೆಯಲ್ಲಿ ಮಾಡಿದ ಬಾಗಿಲಿನ ಚೌಕಟ್ಟು, ಮಿಸ್ತ್ರಿ ಬಿಳಿಲೋಹ ಕರಗಿಸಿ ಎರಕಹೊಯ್ದ ಬೇರಿಂಗು: ಇಂಥವನ್ನು ಕಿತ್ತು ಹೊಸ ಭಾಗ ಕೂಡಿಸಿದರೆ ಗಾಡಿ ಡೆಟ್ರಾಯಿಟಿನದಾಗಿ ಉಳಿದೀತು, ನಮ್ಮದಾಗಿ ಉಳಿಯದು.

ಯಾದಗಿರಿ 2010ರಲ್ಲಿ ಜಿಲ್ಲೆಯಾಯಿತು. ಈಗ ಅಲ್ಲಿನ ನಂಬರು ಕೆಎ-33. ಈ ಸೀಮೆಯಲ್ಲಿ ಹಳೆಯ ಗಾಡಿಗಿಂತ ಮೊದಲು ಹುಡುಕಬೇಕಾದದ್ದು ಕಾಗದ. ನಿಜಾಮರ ಕಾಲದ ದಾಖಲೆಗಳು ಉರ್ದುವಿನಲ್ಲಿವೆ, ತಾರೀಖುಗಳು ಫಸಲಿ ವರ್ಷದಲ್ಲಿವೆ. ಫಸಲಿ 1342 ಎಂದು ಕಂಡರೆ ಅದಕ್ಕೆ 590 ಕೂಡಿಸಬೇಕು, ಆಗ 1932-33 ಸಿಗುತ್ತದೆ. ಹತ್ತಿ ಗಿರಣಿಗಳ ಲೆಕ್ಕದ ವಹಿಗಳು, ಕರೋಡಗಿರಿ ಪಾವತಿಗಳು, ಗಾಡಿಯ ಲೈಸೆನ್ಸು, ಮದುವೆಯಲ್ಲಿ ಕಾರಿನ ಮುಂದೆ ನಿಂತು ತೆಗೆಸಿಕೊಂಡ ಚಿತ್ರಗಳು, ಇವೆಲ್ಲ ಹಳೆಯ ಮನೆಗಳ ಟ್ರಂಕುಗಳಲ್ಲಿ ಗೆದ್ದಲು ಹಿಡಿಯುವ ಮೊದಲು ನಕಲಾಗಬೇಕು. ಚಿತ್ರದಲ್ಲಿ ರೇಡಿಯೇಟರಿನ ಆಕಾರ, ಹೆಡ್‌ಲೈಟಿನ ಕಂಬಿ, ಚಕ್ರದ ಕಡ್ಡಿ ಕಂಡರೆ ಸಾಕು, ಬಲ್ಲವರು ಗಾಡಿಯ ವರ್ಷ ಹೇಳಿಬಿಡುತ್ತಾರೆ. ಉರ್ದು ಓದಬಲ್ಲ ಒಬ್ಬ ಹಿರಿಯರು, ಎಂಜಿನ್ ಬಲ್ಲ ಒಬ್ಬ ಮಿಸ್ತ್ರಿ, ಸ್ಕ್ಯಾನರ್ ಹಿಡಿದ ಒಬ್ಬ ಕಾಲೇಜು ವಿದ್ಯಾರ್ಥಿ, ಈ ಮೂವರು ಒಂದು ಮೇಜಿಗೆ ಕೂತರೆ ಶಹಾಪುರದಲ್ಲೋ ಸುರಪುರದಲ್ಲೋ ಈ ಕೆಲಸವನ್ನು ಇದೇ ವರ್ಷ ಶುರುಮಾಡಬಹುದು.