ಕಾರಿನ ಬಾಗಿಲಿನ ಒಳಹಲಗೆ: ಒಂದು ಚಾರಿತ್ರಿಕ ಆಧಾರ

ಹಳೆಯ ಕಾರುಗಳ ಜೀರ್ಣೋದ್ಧಾರದಲ್ಲಿ ತೊಡಗಿರುವವರು ಯಂತ್ರ, ಚೌಕಟ್ಟು, ಹೊರಮೈಯ ಬಣ್ಣ ಇವುಗಳಿಗೆ ಸಹಜವಾಗಿಯೇ ಹೆಚ್ಚಿನ ಗಮನವನ್ನು ಕೊಡುತ್ತಾರೆ. ಯಂತ್ರದ ಮೇಲೆ ಒತ್ತಿದ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ. ಬಣ್ಣದ ಪದರಗಳನ್ನು ಕೆರೆದು ಪರೀಕ್ಷಿಸುತ್ತಾರೆ. ಆದರೆ ಬಾಗಿಲಿನ ಒಳಮೈಯನ್ನು ಮುಚ್ಚುವ ಹಲಗೆ, ಅಂದರೆ ನಮ್ಮ ಕಾರ್ಯಾಗಾರಗಳಲ್ಲಿ ಡೋರ್ ಪ್ಯಾಡ್ ಎಂದು ಕರೆಯಲ್ಪಡುವ ವಸ್ತು, ಕೆಲಸದ ಮೊದಲನೆಯ ದಿನವೇ ಕಸದ ರಾಶಿಯನ್ನು ಸೇರುವುದು ವಾಡಿಕೆ. ಅದು ಬೇಗ ಕೆಡುವಂಥದು, ಅಗ್ಗವಾದುದು, ಸುಲಭವಾಗಿ ಬದಲಾಯಿಸತಕ್ಕದ್ದು ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸುಳ್ಳಲ್ಲ. ಆದರೂ ಮೋಟಾರು ಕೈಗಾರಿಕೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಇಷ್ಟು ಅಗ್ಗವಾದ ಈ ವಸ್ತುವಿನಲ್ಲಿ ದೊರೆಯುವ ಸಾಕ್ಷ್ಯ ಬೇರೆಡೆ ಸುಲಭವಾಗಿ ದೊರೆಯದೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಈ ಹಲಗೆ ಕೆಡುವ ಬಗೆಯನ್ನು ತಿಳಿಯುವುದು ಅವಶ್ಯಕ. ಕಾರಿನ ಬಾಗಿಲು ನೋಟಕ್ಕೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು. ಕಿಟಕಿಯ ಗಾಜು ಇಳಿದು ನಿಲ್ಲುವುದು ಆ ಟೊಳ್ಳಿನಲ್ಲಿಯೇ; ಗಾಜನ್ನು ಏರಿಸಿ ಇಳಿಸುವ ಯಂತ್ರವೂ ಬೀಗದ ಸಲಕರಣೆಯೂ ಅಲ್ಲಿಯೇ ಇರುತ್ತವೆ. ಗಾಜಿನ ಮೇಲೆ ಬಿದ್ದ ಮಳೆಯ ನೀರು ಸ್ವಲ್ಪಮಟ್ಟಿಗೆ ಒಳಕ್ಕೆ ಇಳಿಯುವುದು ಅನಿವಾರ್ಯವಾದ ಕಾರಣ, ಅದು ಹರಿದುಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳನ್ನು ಇಟ್ಟಿರುತ್ತಾರೆ. ಹಲಗೆಗೆ ತೇವ ತಗುಲದಂತೆ ಅದರ ಹಿಂದೆ ಮೇಣದ ಕಾಗದವನ್ನೋ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನೋ ಹಚ್ಚುವುದುಂಟು. ರಂಧ್ರಗಳಲ್ಲಿ ಧೂಳು ಕಟ್ಟಿಕೊಂಡಾಗ, ಅಥವಾ ಬೀಗ ರಿಪೇರಿಗೆಂದು ಹರಿದ ಕಾಗದವನ್ನು ಮತ್ತೆ ಅಂಟಿಸದೆ ಬಿಟ್ಟಾಗ, ನೀರು ಹಲಗೆಯ ಕೆಳ ಅಂಚಿಗೆ ತಗುಲಿ, ಅದು ಉಬ್ಬಿ, ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಆದುದರಿಂದ ಒಳಹಲಗೆ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಕೊಳೆಯುತ್ತದೆ. ಮೇಲಿನ ಅರ್ಧ ಅನೇಕ ವೇಳೆ ಚೆನ್ನಾಗಿಯೇ ಉಳಿದಿರುತ್ತದೆ. ಗಾಜು ತಿರುಗಿಸುವ ಹಿಡಿಯನ್ನು ಬಿಚ್ಚಿದಾಗ ಅದರ ಬಿಲ್ಲೆಯ ಕೆಳಗೆ, ಬಿಸಿಲು ಕಾಣದ ಒಂದು ವೃತ್ತದಲ್ಲಿ, ಕಾರಖಾನೆಯಿಂದ ಹೊರಬಂದ ದಿನದ ಬಣ್ಣಕ್ಕೆ ಅತಿ ಸಮೀಪವಾದ ಬಣ್ಣ ನಮಗೆ ದೊರೆಯುತ್ತದೆ.

ಈಗ ಹಲಗೆಯ ಚರಿತ್ರೆಯನ್ನು ನೋಡೋಣ. ಮೊದಮೊದಲ ಕಾರುಗಳ ಮೈಯನ್ನು ಕಟ್ಟಿದವರು ಕುದುರೆ ಸಾರೋಟು ಕಟ್ಟುತ್ತಿದ್ದ ಕುಶಲಿಗಳೇ. ಇಂಗ್ಲೆಂಡಿನಲ್ಲಿ ಅವರು ಆಷ್ ಮರದ ಚೌಕಟ್ಟನ್ನು ನಿರ್ಮಿಸಿ, ಹೊರಗೆ ಲೋಹದ ತಗಡನ್ನು ಹೊದಿಸಿ, ಒಳಗೆ ಚರ್ಮವನ್ನೋ ಬಟ್ಟೆಯನ್ನೋ ಸಣ್ಣ ಮೊಳೆಗಳಿಂದ ಮರಕ್ಕೆ ಬಡಿಯುತ್ತಿದ್ದರು. ಅಮೆರಿಕದಲ್ಲಿ ಎಡ್ವರ್ಡ್ ಬಡ್ ಎಂಬವನು ೧೯೧೪ರ ಸುಮಾರಿಗೆ ಡಾಡ್ಜ್ ಸಹೋದರರ ಕಾರುಗಳಿಗೆ ಪೂರ್ತಿ ಉಕ್ಕಿನ ಮೈಯನ್ನು ಮಾಡಿಕೊಡಲಾರಂಭಿಸಿದನು. ೧೯೨೬ರಲ್ಲಿ ಅವನ ಸಂಸ್ಥೆಯೂ ವಿಲಿಯಂ ಮಾರಿಸನೂ ಸೇರಿ ಆಕ್ಸ್‌ಫರ್ಡಿನ ಬಳಿಯ ಕೌಲಿಯಲ್ಲಿ ಪ್ರೆಸ್ಡ್ ಸ್ಟೀಲ್ ಕಂಪನಿಯನ್ನು ಸ್ಥಾಪಿಸಿದುದರಿಂದ ಆ ಪದ್ಧತಿ ಬ್ರಿಟನ್ನಿಗೂ ಬಂದಿತು. ಉಕ್ಕಿಗೆ ಮೊಳೆ ಇಳಿಯದು. ಆದಕಾರಣ ಬಟ್ಟೆಯನ್ನು ಮೊದಲು ರಟ್ಟಿಗೋ ಹಾರ್ಡ್‌ಬೋರ್ಡಿಗೋ ಎಳೆದು ಅಂಟಿಸಿ, ಆ ಹಲಗೆಯನ್ನು ಸ್ಪ್ರಿಂಗ್ ಕ್ಲಿಪ್ಪುಗಳಿಂದ ಬಾಗಿಲಿಗೆ ಒತ್ತಿ ಕೂರಿಸುವ ಕ್ರಮ ರೂಢಿಗೆ ಬಂದಿತು. ಬಾಗಿಲಿನ ಒಳಹಲಗೆ ಬೇರೆ ಮೇಜಿನ ಮೇಲೆ, ಬೇರೆ ಕೆಲಸಗಾರರ ಕೈಯಲ್ಲಿ ಸಿದ್ಧವಾಗಿ ಬಂದು ಕೂರುವ ಪ್ರತ್ಯೇಕ ಭಾಗವಾದುದು ಹೀಗೆ. ಹಲಗೆಯ ಅಂಚಿನಲ್ಲಿ ಮೊಳೆಯ ತೂತುಗಳಿವೆಯೋ ಕ್ಲಿಪ್ಪಿನ ತೂತುಗಳಿವೆಯೋ ಎಂಬುದು ಸಣ್ಣ ಪ್ರಶ್ನೆಯಂತೆ ತೋರಬಹುದು. ಆದರೆ ಸಾರೋಟಿನ ಕಸುಬು ಮುಗಿದು ಕಾರಖಾನೆಯ ಕೆಲಸ ಪ್ರಾರಂಭವಾದ ಗಡಿ ಅಲ್ಲಿಯೇ ಇದೆ.

ಹೊದಿಕೆಯ ವಸ್ತುವಿನ ಕಥೆ ಇನ್ನೂ ಸ್ವಾರಸ್ಯಕರವಾದುದು. ನಾವು ಕನ್ನಡದಲ್ಲಿ ಯಾವ ಕೃತಕ ಚರ್ಮವನ್ನಾದರೂ ರೆಕ್ಸಿನ್ ಎಂದುಬಿಡುತ್ತೇವೆ. ಶಾಲೆಯ ಚೀಲ, ಬಸ್ಸಿನ ಆಸನ, ಪುಸ್ತಕದ ರಟ್ಟು ಎಲ್ಲವೂ ರೆಕ್ಸಿನ್ನೇ. ವಾಸ್ತವವಾಗಿ ಅದು ಮ್ಯಾಂಚೆಸ್ಟರಿನ ಸಮೀಪದ ಹೈಡ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಒಂದು ಸರಕಿನ ವ್ಯಾಪಾರನಾಮ. ಹತ್ತಿಯ ಬಟ್ಟೆಗೆ ನೈಟ್ರೋಸೆಲ್ಯುಲೋಸ್, ಕರ್ಪೂರದ ಎಣ್ಣೆ, ಬಣ್ಣ ಮುಂತಾದವುಗಳ ಲೇಪವನ್ನು ಹಚ್ಚಿ, ಅದರ ಮೇಲೆ ಚರ್ಮದ ಸುಕ್ಕಿನ ಅಚ್ಚನ್ನು ಒತ್ತುತ್ತಿದ್ದರು. ಮಧ್ಯಮ ಬೆಲೆಯ ಬ್ರಿಟಿಷ್ ಕಾರುಗಳಲ್ಲಿ ಕುಳಿತುಕೊಳ್ಳುವ ಭಾಗಕ್ಕೆ ಮಾತ್ರ ನಿಜವಾದ ಚರ್ಮವನ್ನು ಹಾಕಿ, ಆಸನದ ಪಕ್ಕಗಳಿಗೂ ಬಾಗಿಲಿಗೂ ಇಂತಹ ಕೃತಕ ಚರ್ಮವನ್ನು ಬಳಸುವುದು ಬಹುಕಾಲ ನಡೆದುಬಂದಿತು. ಕೊಳ್ಳುವವನ ಅಂತಸ್ತಿಗೂ ತಯಾರಕನ ಲೆಕ್ಕಾಚಾರಕ್ಕೂ ಆದ ಈ ಒಪ್ಪಂದವನ್ನು ಬಾಗಿಲಿನ ಹಲಗೆಯಲ್ಲಿ ಕಣ್ಣಾರೆ ಕಾಣಬಹುದು. ಎರಡನೆಯ ಮಹಾಯುದ್ಧದ ತರುವಾಯ ವಿನೈಲ್ ಬಂದು ಹಳೆಯ ಲೇಪದ ಬಟ್ಟೆಯನ್ನು ಹಿಂದಕ್ಕೆ ತಳ್ಳಿತು. ವಿನೈಲನ್ನು ವಿದ್ಯುತ್ತಿನ ಶಾಖದಿಂದ ಒತ್ತಿ ಬೆಸೆಯಬಹುದಾದುದರಿಂದ ಹೊಲಿಗೆಯ ಅವಶ್ಯಕತೆಯೇ ತಪ್ಪಿತು. ಆದರೂ ಅಚ್ಚುಗಳಲ್ಲಿ ಹೊಲಿಗೆಯ ಗೆರೆಗಳನ್ನೂ ನೆರಿಗೆಗಳನ್ನೂ ಕೆತ್ತಿಯೇ ಇದ್ದರು. ಭಾಜೆ, ಕಾರ್ಲೆಗಳ ಚೈತ್ಯಗಳಲ್ಲಿ ಕಲ್ಲುಕುಟಿಗರು ಮರದ ತೊಲೆಗಳನ್ನು ಕಲ್ಲಿನಲ್ಲಿ ಅನುಕರಿಸಿದುದನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದು ಅಪರಿಚಿತವೆನಿಸಲಾರದು.

ಒಂದು ಕಾರಿನ ಉದಾಹರಣೆಯನ್ನು ವಿವರವಾಗಿ ತೆಗೆದುಕೊಳ್ಳೋಣ. ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಕಾರು ೧೯೫೯ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಬಾಗಿಲಿನಲ್ಲಿ ಗಾಜು ಕೆಳಗಿಳಿಯುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಆದ್ದರಿಂದ ಗಾಜಿಗೆ ಟೊಳ್ಳು ಬೇಕಾಗಲಿಲ್ಲ, ಯಂತ್ರವೂ ಬೇಕಾಗಲಿಲ್ಲ. ಬಾಗಿಲು ಒಂದೇ ಪದರದ ತಗಡಿನಷ್ಟು ತೆಳುವಾಗಿ, ಉಳಿದ ಜಾಗವೆಲ್ಲ ಸಾಮಾನು ಇಡುವ ದೊಡ್ಡ ಗೂಡಾಯಿತು. ಒಳಗಿನಿಂದ ಬಾಗಿಲು ತೆರೆಯಲು ಇದ್ದುದು ಒಂದು ಎಳೆಹುರಿ ಮಾತ್ರ. ಯುದ್ಧಾನಂತರದ ಬ್ರಿಟನ್ನಿನ ಮಿತವ್ಯಯವೂ ಆ ವಿನ್ಯಾಸಕಾರನ ಹಟವೂ ಒಂದೇ ಬಾಗಿಲಿನಲ್ಲಿ ಸೇರಿವೆ ಎಂದು ನಮಗೆ ತೋರುತ್ತದೆ. ೧೯೬೯ರಲ್ಲಿ ಮಿನಿಗೆ ತಿರುಗಿಸಿ ಇಳಿಸುವ ಗಾಜು ಬಂದಾಗ ಗೂಡು ಹೋಗಿ, ಸಪಾಟಾದ ಒಳಹಲಗೆ ಬಂದಿತು. ಹೊರಗೆ ಕಾಣುತ್ತಿದ್ದ ಕೀಲುಗಳೂ ಮರೆಯಾದುವು. ಆದರೆ ಇದರಿಂದ ಕಾಲನಿರ್ಣಯ ಸುಲಭವಾಯಿತೆಂದು ಭಾವಿಸಬಾರದು. ಮಿನಿಯ ದುಬಾರಿ ಸೋದರರಾದ ರೈಲಿ ಎಲ್ಫ್ ಮತ್ತು ವೂಲ್ಸ್‌ಲಿ ಹಾರ್ನೆಟ್ ಕಾರುಗಳಿಗೆ ಅಂತಹ ಗಾಜು ೧೯೬೬ರಲ್ಲಿಯೇ ಬಂದಿದ್ದಿತು. ಸೌಕರ್ಯಕ್ಕಾಗಿ ಹಳೆಯ ಮಿನಿಗೆ ಹೊಸ ಮಾದರಿಯ ಬಾಗಿಲನ್ನು ಜೋಡಿಸಿದಲ್ಲಿ, ಪ್ರಕ್ಷಿಪ್ತ ಪದ್ಯಗಳುಳ್ಳ ಹಸ್ತಪ್ರತಿಯಂತೆ ಆ ಕಾರು ಮುಂದಿನ ಸಂಶೋಧಕನನ್ನು ದಾರಿ ತಪ್ಪಿಸುತ್ತದೆ.

ಹಾಗಾದರೆ ಕೊಳೆತ ಹಲಗೆಯನ್ನು ಏನು ಮಾಡಬೇಕು? ಸ್ಮಾರಕಗಳ ಸಂರಕ್ಷಣೆಯನ್ನು ಕುರಿತ ೧೯೬೪ರ ವೆನಿಸ್ ಸನ್ನದು, ಊಹೆ ಎಲ್ಲಿ ಪ್ರಾರಂಭವಾಗುವುದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದೂ, ಹೊಸದಾಗಿ ಸೇರಿಸಿದ ಭಾಗ ಒಟ್ಟು ರೂಪಕ್ಕೆ ಹೊಂದಿಕೊಳ್ಳುವುದರ ಜೊತೆಗೆ ಮೂಲದಿಂದ ಬೇರೆಯಾಗಿ ಗುರುತಿಸಲು ಸಾಧ್ಯವಿರಬೇಕೆಂದೂ ವಿಧಿಸಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಅದೇ ಜಾಡಿನಲ್ಲಿ ಟ್ಯೂರಿನ್ ಸನ್ನದನ್ನು ೨೦೧೩ರ ಹೊತ್ತಿಗೆ ಅಂಗೀಕರಿಸಿ, ರಕ್ಷಣೆ, ದುರಸ್ತಿ, ಜೀರ್ಣೋದ್ಧಾರ ಇವುಗಳ ಭೇದವನ್ನು ಸ್ಪಷ್ಟಪಡಿಸಿತು. ಇವಕ್ಕೆ ಎದುರಾಗಿ ನಿಲ್ಲುವ ವಾದವೊಂದುಂಟು. ೧೯೨೯ ಮತ್ತು ೧೯೩೦ರಲ್ಲಿ ಲ ಮಾನ್ ಪಂದ್ಯವನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡುಗಳಿಗೆ ಮಾರಲು ಒಪ್ಪಂದವಾಗಿ, ಅದರಲ್ಲಿ ಮೂಲಭಾಗಗಳು ಅತ್ಯಲ್ಪವೆಂದು ಕೊಳ್ಳುವವರು ಹಿಂಜರಿದಾಗ ವ್ಯಾಜ್ಯವು ಲಂಡನ್ನಿನ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ೧೯೯೦ರಲ್ಲಿ ನ್ಯಾಯಮೂರ್ತಿ ಆಟನ್ ಅವರು, ಆ ಕಾರು ಮೂಲರೂಪದಲ್ಲಿ ಉಳಿದಿಲ್ಲವಾದರೂ ಅದರ ಇತಿಹಾಸ ಎಲ್ಲಿಯೂ ತುಂಡಾಗಿಲ್ಲ, ಆ ಹೆಸರಿಗೆ ಬೇರಾವ ಕಾರೂ ಹಕ್ಕುದಾರನಲ್ಲ, ಆದುದರಿಂದ ಅದು ಅಧಿಕೃತವೇ ಎಂದು ತೀರ್ಪಿತ್ತರು.

ತೀರ್ಪು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ಅದು ನಿರ್ಣಯಿಸಿದುದು ಕಾರಿನ ಹೆಸರನ್ನು. ಭಾಗಗಳು ಬದಲಾದರೂ ಕಾರು ಅದೇ ಕಾರೆನಿಸಿಕೊಳ್ಳಬಹುದು. ಹೋದ ಭಾಗದಲ್ಲಿದ್ದ ಸಾಕ್ಷ್ಯ ಮಾತ್ರ ಹೊಸ ಭಾಗಕ್ಕೆ ದಾಯವಾಗಿ ಬರುವುದಿಲ್ಲ. ಓಲೆಯ ಪ್ರತಿ ಶಿಥಿಲವಾದಾಗ ಹೊಸ ಪ್ರತಿ ಮಾಡಿ ಹಳೆಯದನ್ನು ಹೊಳೆಗೆ ಬಿಟ್ಟವರಿಂದ ಗ್ರಂಥವೇನೋ ಉಳಿಯಿತು, ಆದರೆ ಪಾಠಾಂತರಗಳನ್ನು ತೂಗಿ ನೋಡುವ ಸಾಧನ ಹೋಯಿತು. ಹಲಗೆಯ ವಿಷಯದಲ್ಲಿಯೂ ಹಾಗೆಯೇ. ಕಾರನ್ನು ಓಡಿಸುವ ಯಜಮಾನನು ನೆನೆದು ನಾರುವ ಹಲಗೆಯನ್ನು ಇಟ್ಟುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಅವನು ಹೊಸದನ್ನು ಧಾರಾಳವಾಗಿ ಹಾಕಿಸಿಕೊಳ್ಳಲಿ. ಹಳೆಯದನ್ನು ಒಣಗಿಸಿ, ಚಿತ್ರ ತೆಗೆದು, ಕಾರಿನ ಸಂಖ್ಯೆಯನ್ನು ಬರೆದು ಇಡಲಿ. ಹೊಸದರ ಹಿಂಬದಿಯಲ್ಲಿ ಮಾಡಿದ ವರ್ಷವನ್ನು ನಮೂದಿಸಲಿ. ಮುಂಬದಿ ನೋಡುವವರಿಗಾಗಿ ಸಿಂಗರಿಸಿದುದು. ಅಂಟಿನ ಗುರುತು, ಕತ್ತರಿಸುವಾಗ ಎಳೆದ ಸೀಸದ ಗೆರೆ, ಮಡಚಿದ ಬಟ್ಟೆಯ ಮಾಸದ ಅಂಚು ಇವೆಲ್ಲ ಇರುವುದು ಯಾರೂ ನೋಡಲಾರರೆಂದು ಬಿಟ್ಟ ಹಿಂಬದಿಯಲ್ಲಿ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅಂಬಾಸಿಡರ್ ಕಾರೇ ಯೋಗ್ಯವಾದ ಕ್ಷೇತ್ರ. ಬ್ರಿಟನ್ನಿನ ಮೂರನೆಯ ಶ್ರೇಣಿಯ ಮಾರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿದ ಆ ಕಾರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ, ಹೊರರೂಪದಲ್ಲಿ ಹೆಚ್ಚು ಬದಲಾವಣೆಯಿಲ್ಲದೆ, ತಯಾರಾಯಿತು. ಹೊರಮೈ ಇಷ್ಟು ಸ್ಥಿರವಾಗಿರುವಲ್ಲಿ ಕಾಲಭೇದವನ್ನು ಒಳಮೈಯಲ್ಲಿಯೇ ಹುಡುಕಬೇಕಾಗುತ್ತದೆ. ಅದರ ಡೋರ್ ಪ್ಯಾಡುಗಳನ್ನು ಕುಷನ್ ಕೆಲಸದವರು ಹಳೆಯದನ್ನೇ ಅಳತೆಗೆ ಇಟ್ಟು ಮತ್ತೆ ಮತ್ತೆ ಕತ್ತರಿಸಿಕೊಟ್ಟಿದ್ದಾರೆ. ಆದುದರಿಂದ ಒಂದು ಪ್ಯಾಡನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ಮೊದಲು ನೋಡಬೇಕಾದುದು ಅದರ ಕ್ಲಿಪ್ ತೂತುಗಳನ್ನು. ಬಾಗಿಲಿನ ತೂತುಗಳಿಗೆ ಅವು ಸರಿಯಾಗಿ ಕೂರದಿದ್ದರೆ, ಅಥವಾ ಕ್ಲಿಪ್ಪಿನ ಬದಲು ಹೊರಗಿನಿಂದ ಸ್ಕ್ರೂ ಹೊಡೆದಿದ್ದರೆ, ಆ ಹಲಗೆ ಉತ್ತರಪಾರಾದಲ್ಲಿ ಹುಟ್ಟಿದುದಲ್ಲವೆಂದು ಬಹುಮಟ್ಟಿಗೆ ಊಹಿಸಬಹುದು.