ಜೂನ್ ಎರಡರ ತಕರಾರು

ಮುಂಬಯಿಯಲ್ಲಿರುವ ನಮಗೆ ಜೂನ್ ಎಂದರೆ ಮಳೆ, ತಡವಾಗುವ ಲೋಕಲ್ ರೈಲು. ವಿಜ್ಞಾನದ ಚರಿತ್ರೆ ಓದುವ ಚಟ ಹತ್ತಿದ ಮೇಲೆ ನನಗೆ ಆ ತಿಂಗಳು ಇನ್ನೊಂದು ತಕರಾರನ್ನೂ ನೆನಪಿಸುತ್ತದೆ. ಅದನ್ನು ಬಗೆಹರಿಸಲು ಹೊರಟವರು ದಕ್ಷಿಣ ಧ್ರುವದ ಮಂಜುಗಡ್ಡೆಯೊಳಗೆ ಎರಡು ಹರಳುಗಳನ್ನು ಹೂತರು.

ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಸುತ್ತುವ ವೇಗಕ್ಕೆ ಕಣ್ಣಿಗೆ ಕಾಣುವ ದ್ರವ್ಯ ಸಾಲದು ಎಂಬುದು 1970ರ ದಶಕದಲ್ಲಿ ವೆರಾ ರುಬಿನ್ ಮತ್ತು ಕೆಂಟ್ ಫೋರ್ಡ್ ಮಾಡಿದ ಅಳತೆಗಳಿಂದ ಗಟ್ಟಿಯಾಯಿತು. ಆ ಕೊರತೆಯನ್ನು ತುಂಬುವ ಕಾಣದ ವಸ್ತುವೇ ಡಾರ್ಕ್ ಮ್ಯಾಟರ್, ಕಪ್ಪುದ್ರವ್ಯ. ಅದು ಕಣಗಳಿಂದ ಆದದ್ದಾದರೆ, ಸೂರ್ಯ ಸೆಕೆಂಡಿಗೆ ಸುಮಾರು 220 ಕಿ.ಮೀ. ವೇಗದಲ್ಲಿ ಆ ಕಣಗಳ ನಡುವೆ ಸಾಗುತ್ತಿದ್ದಾನೆ. ಜೂನ್ ಆರಂಭದಲ್ಲಿ ಭೂಮಿಯ ಓಟ ಸೂರ್ಯನ ಓಟಕ್ಕೆ ಕೂಡಿಕೊಳ್ಳುತ್ತದೆ, ಡಿಸೆಂಬರಿನಲ್ಲಿ ಕಳೆಯುತ್ತದೆ. ಬೈಕಿನ ವೇಗ ಹೆಚ್ಚಿಸಿದಾಗ ಮುಖಕ್ಕೆ ಗಾಳಿ ಜೋರಾಗಿ ಬಡಿಯುವಂತೆ, ಜೂನ್‌ನಲ್ಲಿ ಕಣಗಳ ಹೊಡೆತ ತುಸು ಹೆಚ್ಚಬೇಕು.

ಇಟಲಿಯ ಗ್ರಾನ್ ಸಾಸೊ ಪರ್ವತದಡಿ ಸೋಡಿಯಂ ಅಯೋಡೈಡ್ ಹರಳುಗಳನ್ನಿಟ್ಟು ಕಾದ ಡಾಮಾ ತಂಡ 1990ರ ದಶಕದ ಕೊನೆಯಿಂದ ಇದನ್ನೇ ಕಂಡೆವೆಂದು ಹೇಳುತ್ತಾ ಬಂತು. ಕಣ ತಾಗಿದಾಗ ಹರಳು ಮಿನುಗುತ್ತದೆ. ಮಿನುಗುಗಳ ಎಣಿಕೆ ವರ್ಷವರ್ಷವೂ ಜೂನ್ 2ರ ಸುಮಾರಿಗೆ ಏರುತ್ತದೆ. ಬೇರೆ ಪ್ರಯೋಗಗಳಿಗೆ ಏನೂ ಸಿಗಲಿಲ್ಲ. ಆದರೆ ಅವು ಬಳಸಿದ ವಸ್ತು ಬೇರೆ, ಹಾಗಾಗಿ ಡಾಮಾ ತಪ್ಪೆಂದು ಖಂಡಿತವಾಗಿ ಹೇಳುವಂತಿರಲಿಲ್ಲ. ಒಂದು ಅನುಮಾನ ಮಾತ್ರ ಉಳಿಯಿತು: ಜೂನ್ ಅಲ್ಲಿ ಬೇಸಿಗೆ. ಮೇಲಿನ ವಾತಾವರಣ ಕಾದು ಹಿಗ್ಗಿದಾಗ ನೆಲದಡಿ ಇಳಿಯುವ ಮ್ಯುಯಾನ್ ಕಣಗಳೂ ಹೆಚ್ಚುತ್ತವೆ. ಏರಿಕೆ ಬರೀ ಋತುವಿನ ಆಟವಾಗಿದ್ದರೆ?

ಹಾಗಾದರೆ ಋತು ತಿರುಗುಮುರುಗಾದ ಕಡೆ ಅದೇ ಬಗೆಯ ಹರಳಿಟ್ಟು ನೋಡಬೇಕು. ಬೇಸಿಗೆ ಕಾರಣವಾದರೆ ಏರಿಕೆ ಡಿಸೆಂಬರಿನತ್ತ ಜಾರುತ್ತದೆ. ಕಪ್ಪುದ್ರವ್ಯ ಕಾರಣವಾದರೆ ಜೂನ್‌ನಲ್ಲೇ ನಿಲ್ಲುತ್ತದೆ. ಭೂಮಿ ಸೂರ್ಯನನ್ನು ಸುತ್ತುವುದರಲ್ಲಿ ಉತ್ತರ, ದಕ್ಷಿಣ ಎಂಬ ಭೇದವಿಲ್ಲ.

ಅದೇ ಹೊತ್ತಿಗೆ ದಕ್ಷಿಣ ಧ್ರುವದಲ್ಲಿ ನ್ಯೂಟ್ರಿನೊ ಹಿಡಿಯುವ ಐಸ್‌ಕ್ಯೂಬ್‌ಗಾಗಿ ಬಿಸಿನೀರಿನ ಧಾರೆಯಿಂದ ಸುಮಾರು ಎರಡೂವರೆ ಕಿ.ಮೀ. ಆಳದ ಬಾವಿಗಳನ್ನು ಕೊರೆಯುತ್ತಿದ್ದರು, ಒಟ್ಟು 86. ಡಿಎಂ-ಐಸ್ ತಂಡ 2010ರ ಡಿಸೆಂಬರಿನಲ್ಲಿ ಅವುಗಳಲ್ಲಿ ಎರಡರ ತಳಕ್ಕೆ, 2457 ಮೀಟರ್ ಆಳಕ್ಕೆ, ತಲಾ ಎಂಟೂವರೆ ಕಿಲೋ ತೂಗುವ ಒಂದೊಂದು ಹರಳು ಇಳಿಸಿತು. ಹೊಸ ಹರಳುಗಳೂ ಅಲ್ಲ. ಇಂಗ್ಲೆಂಡಿನ ಬೌಲ್ಬಿ ಗಣಿಯ ಹಳೆಯ ಪ್ರಯೋಗವೊಂದರಲ್ಲಿ ದುಡಿದವು. ಬಾವಿಯ ನೀರು ಮತ್ತೆ ಹೆಪ್ಪುಗಟ್ಟಿತು. ಇನ್ನು ರಿಪೇರಿ ಇಲ್ಲ, ಮೇಲೆತ್ತುವುದಿಲ್ಲ; ಸಂಬಂಧವೆಲ್ಲ ಕೇಬಲ್ಲಿನ ಮೂಲಕ.

ಇಷ್ಟು ಆಳ ಯಾಕೆ ಬೇಕೆಂಬುದು ನಮ್ಮ ನಾಡಿಗೆ ಹೊಸ ಪಾಠವಲ್ಲ. ಕೆಳಗಿಳಿದಷ್ಟೂ ವಿಶ್ವಕಿರಣಗಳ ಗದ್ದಲ ಕಡಿಮೆ. ಇಲ್ಲಿನ ಕೊಲಾಬಾದಲ್ಲಿರುವ ಟಿಐಎಫ್‌ಆರ್‌ನ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲೇ ಕೋಲಾರದ ಚಿನ್ನದ ಗಣಿಗಿಳಿದು ಮ್ಯುಯಾನ್ ಎಣಿಸಿದ್ದರು. 1965ರಲ್ಲಿ ಅದೇ ಗಣಿಯ ಸುಮಾರು 2300 ಮೀಟರ್ ಆಳದಲ್ಲಿ ಭಾರತ, ಜಪಾನ್, ಬ್ರಿಟನ್‌ಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿಯಿತು. ಅಲ್ಲಿ ಬಂಡೆ ಮಾಡಿದ ಕೆಲಸವನ್ನು ಧ್ರುವದಲ್ಲಿ ಹಿಮ ಮಾಡಿತು. ಬಂಡೆಗಿಂತ ಅದರಲ್ಲಿ ಯುರೇನಿಯಂ, ಥೋರಿಯಂ ತೀರಾ ಕಡಿಮೆ ಎಂಬುದು ಹೆಚ್ಚಿನ ಲಾಭ.

ಫಲಿತಾಂಶ? ಮೂರೂವರೆ ವರ್ಷಕ್ಕೂ ಮಿಕ್ಕಿದ ಎಣಿಕೆಯಲ್ಲಿ ಜೂನ್‌ನ ಏರಿಕೆಯೂ ಕಾಣಲಿಲ್ಲ, ಡಿಸೆಂಬರಿನದೂ ಇಲ್ಲ. ಆದರೆ ಹದಿನೇಳು ಕಿಲೋ ಹರಳಿನ ಮಾತಿಗೆ ತೀರ್ಪು ಕೊಡುವಷ್ಟು ತೂಕವಿರಲಿಲ್ಲ. ಹಿಮದಾಳದಲ್ಲೂ ಈ ಕೆಲಸ ನಡೆಯುತ್ತದೆಂದು ಮಾತ್ರ ಸಾಬೀತಾಯಿತು. ತಂಡ ಕೊರಿಯಾದವರೊಡನೆ ಕೂಡಿ 2016ರಲ್ಲಿ ಯಾಂಗ್‌ಯಾಂಗ್‌ನಲ್ಲಿ 106 ಕಿಲೋ ಹರಳುಗಳ ಕೊಸೈನ್-100 ಆರಂಭಿಸಿತು. ಮರುವರ್ಷ ಸ್ಪೇನಿನ ಕಾನ್‌ಫ್ರಾಂಕ್‌ನಲ್ಲಿ ಅನಾಯಿಸ್ ಶುರುವಾಯಿತು. ಡಾಮಾದ್ದೇ ಬಗೆಯ ಹರಳು, ವರ್ಷಗಟ್ಟಲೆ ಎಣಿಕೆ. ಎರಡಕ್ಕೂ ಆ ಏರಿಕೆ ಸಿಗಲಿಲ್ಲ.

ಎರಡೂ ಇರುವುದು ಉತ್ತರಾರ್ಧಗೋಳದಲ್ಲೇ. ಅಲ್ಲಿ ಏರಿಕೆ ಕಂಡಿದ್ದರೆ ಧ್ರುವದ ಸಾಕ್ಷಿ ಬೇಕೇ ಬೇಕಾಗುತ್ತಿತ್ತು. ಕಾಣದ್ದರಿಂದ ಪ್ರಶ್ನೆ ಆಕಾಶದಿಂದ ಇಟಲಿಯ ಉಪಕರಣಕ್ಕೆ ಇಳಿದಿದೆ: ಅಲ್ಲಿ ಅಷ್ಟು ವರ್ಷ ಏರಿಳಿದದ್ದು ಏನು? ಡಾಮಾದ ಎಣಿಕೆ ಸುಳ್ಳೆಂದು ಯಾರೂ ಹೇಳುತ್ತಿಲ್ಲ, ಅದರ ಅರ್ಥ ಮಾತ್ರ ಇನ್ನೂ ಬಿಡಿಸಿಲ್ಲ. ಹಾಗಾಗಿ ಧ್ರುವದ ಆ ಎರಡು ಹರಳುಗಳನ್ನು ನಾನು ಸೋಲಿನ ಲೆಕ್ಕಕ್ಕೆ ಬರೆಯಲಾರೆ. ಬರೀ ವಾದದಲ್ಲಿ ಸುತ್ತುತ್ತಿದ್ದ ಅನುಮಾನವನ್ನು ಅಳತೆಗೆ ಒಡ್ಡುವ ದಾರಿ ಹುಡುಕಿದವರ ಕೆಲಸ ಅದು.